ಭದ್ರಾವತಿಯ ತಮಿಳು ಕಾರ್ಮಿಕರೂ ಶರಾವತಿಯ ಮುಳುಗಡೆ ರೈತರೂ : ಒಂದು ತೌಲನಿಕ ವಿವೇಚನೆ

ಹನ್ನೆರಡನೆಯ ಶತಮಾನದ ಕಲ್ಯಾಣವು ಬಹುಮಟ್ಟಿಗೆ ಹೊರಗಿನಿಂದ ಬಂದವರ ಪಟ್ಟಣವಾಗಿದ್ದಿತು. ಸೊನ್ನಲಿಗೆಯಿಂದ ಸಿದ್ಧರಾಮೇಶ್ವರರು, ಈಗಿನ ಶಿವಮೊಗ್ಗ ಜಿಲ್ಲೆಯ ಬಳ್ಳಿಗಾವಿಯಿಂದ ಅಲ್ಲಮಪ್ರಭುಗಳು, ಉಡುತಡಿಯಿಂದ ಅಕ್ಕಮಹಾದೇವಿ, ದೂರದ ಕಾಶ್ಮೀರದಿಂದ ಮೋಳಿಗೆಯ ಮಾರಯ್ಯ ದಂಪತಿಗಳು ಅಲ್ಲಿಗೆ ಬಂದರೆಂದು ಶರಣ ಪರಂಪರೆಯು ಹೇಳುತ್ತದೆ. ಅರಸೊತ್ತಿಗೆಯನ್ನು ತೊರೆದು ಬಂದ ಮಾರಯ್ಯನು ಕಟ್ಟಿಗೆಯ ಹೊರೆಯನ್ನು ಮಾರಿ ಬದುಕಿದನು. ಬಂದವನ ಊರು ಯಾವುದೆಂದು ವಿಚಾರಿಸುವುದಕ್ಕೆ ಮೊದಲು ಅವನ ಕಾಯಕವೇನೆಂದು ವಿಚಾರಿಸಿದ ಸಮಾಜವದು. ಆ ಪರಂಪರೆಯ ವಾರಸುದಾರರೆಂದು ಹೇಳಿಕೊಳ್ಳುವ ನಾಡು, ತನ್ನಲ್ಲಿಗೆ ದುಡಿಯಲು ಬಂದವರನ್ನೂ ತಾನೇ ಎಬ್ಬಿಸಿ ಕಳುಹಿಸಿದವರನ್ನೂ ಹೇಗೆ ನಡೆಸಿಕೊಂಡಿತೆಂಬುದನ್ನು ಆಗಾಗ ಪರಿಶೀಲಿಸಿಕೊಳ್ಳುವುದು ಉಚಿತ.

ಅಂತಹ ಪರಿಶೀಲನೆಗೆ ಶಿವಮೊಗ್ಗ ಮತ್ತು ಭದ್ರಾವತಿಗಳ ನಡುವಣ ಮಾಚೇನಹಳ್ಳಿಗಿಂತ ಯೋಗ್ಯವಾದ ಸ್ಥಳ ದೊರೆಯುವುದು ಕಷ್ಟ. ಹೆದ್ದಾರಿಯ ಒಂದು ದಿಕ್ಕಿಗೆ ಉಕ್ಕಿನ ಪಟ್ಟಣವಿದೆ. ಇನ್ನೊಂದು ದಿಕ್ಕಿಗೆ ಶಿವಮೊಗ್ಗವನ್ನು ದಾಟಿ ಹೋದರೆ, ಆಯನೂರು, ಕುಂಸಿಗಳ ಕಡೆ ಮುಳುಗಡೆಯಾದ ಕಣಿವೆಯಿಂದ ಎದ್ದು ಬಂದವರ ಹಳ್ಳಿಗಳು ಸಿಗುತ್ತವೆ. ಈ ಎರಡು ದಿಕ್ಕುಗಳಲ್ಲಿ ಎರಡು ವಲಸೆ ಸಮುದಾಯಗಳ ಸಂತತಿ ಇಂದು ಬಾಳುತ್ತಿದೆ. ಒಂದು ಸಮುದಾಯ ಬೆಂಕಿಯ ಬಳಿಗೆ ಕೆಲಸವನ್ನರಸಿ ಬಂದುದು. ಇನ್ನೊಂದು ನೀರಿನಿಂದ ಒಕ್ಕಲೆಬ್ಬಿಸಲ್ಪಟ್ಟುದು. ಇವೆರಡರ ಆರ್ಥಿಕ ಹಾಗೂ ಸಾಮಾಜಿಕ ಸ್ಥಿತಿಗತಿಗಳನ್ನು ಅಕ್ಕಪಕ್ಕದಲ್ಲಿಟ್ಟು ನೋಡಿದವರು ವಿರಳ.

ಮೊದಲನೆಯ ಸಮುದಾಯದ ಕಥೆಯು 1918ರಿಂದ ಆರಂಭವಾಗುತ್ತದೆ. ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ, ಸರ್ ಎಂ. ವಿಶ್ವೇಶ್ವರಯ್ಯನವರ ಪ್ರಯತ್ನದ ಫಲವಾಗಿ ಭದ್ರಾ ನದಿಯ ದಂಡೆಯಲ್ಲಿ ಮೈಸೂರು ಕಬ್ಬಿಣದ ಕಾರ್ಖಾನೆ ಸ್ಥಾಪಿತವಾಯಿತು. 1923ರಲ್ಲಿ ಇದ್ದಿಲಿನ ಊದುಕುಲುಮೆಯಿಂದ ಕಬ್ಬಿಣ ಹೊರಬರತೊಡಗಿತು. ಕೆಮ್ಮಣ್ಣುಗುಂಡಿಯ ಅದಿರು, ಮಲೆನಾಡಿನ ಕಾಡಿನ ಸೌದೆ ಹಾಗೂ ಸಹಸ್ರಾರು ಕೈಗಳ ದುಡಿಮೆ ಇವು ಮೂರೂ ಅದಕ್ಕೆ ಬೇಕಾದವು. ಮಲೇರಿಯಾದ ಭಯವಿದ್ದ ಆ ಪ್ರದೇಶದಲ್ಲಿ ಕುಲುಮೆಯ ಝಳವನ್ನು ತಾಳಿ ದುಡಿಯಲು ಸ್ಥಳೀಯ ರೈತಾಪಿ ಜನರು ಹಿಂಜರಿದುದು ಸಹಜವೇ. ಆಗ ತಮಿಳು ಜಿಲ್ಲೆಗಳಿಂದ ಬಂದ ಕೂಲಿಕಾರರು ಆ ಕೊರತೆಯನ್ನು ತುಂಬಿದರು. 1936ರಲ್ಲಿ ಮೈಸೂರು ಕಾಗದದ ಕಾರ್ಖಾನೆ ಸ್ಥಾಪನೆಯಾದ ಮೇಲೆಯೂ, 1947ರಲ್ಲಿ ಲಕ್ಕವಳ್ಳಿಯ ಭದ್ರಾ ಅಣೆಕಟ್ಟಿನ ಕಾಮಗಾರಿ ಪ್ರಾರಂಭವಾದ ಮೇಲೆಯೂ ಈ ಪ್ರವಾಹ ಮುಂದುವರಿಯಿತು.

ಎರಡನೆಯ ಸಮುದಾಯದವರು ಇದೇ ಜಿಲ್ಲೆಯ ಮಕ್ಕಳು. ಸಾಗರ ಮತ್ತು ಹೊಸನಗರ ತಾಲ್ಲೂಕುಗಳ ಶರಾವತಿ ಕಣಿವೆಯಲ್ಲಿ ಅಡಿಕೆ, ಭತ್ತಗಳನ್ನು ಬೆಳೆದುಕೊಂಡಿದ್ದ ದೀವರು, ಹವ್ಯಕರು, ಒಕ್ಕಲಿಗರು, ಲಿಂಗಾಯತರು, ಜೈನರು ಮೊದಲಾದ ಅನೇಕ ಜಾತಿಗಳ ಜನ ಇದರಲ್ಲಿದ್ದಾರೆ. ಮೊದಲು 1940ರ ದಶಕದಲ್ಲಿ ಮಡೆನೂರಿನ ಹಿರೇಭಾಸ್ಕರ ಅಣೆಕಟ್ಟು ಕೆಲವು ಹಳ್ಳಿಗಳನ್ನು ನುಂಗಿತು. ಬಳಿಕ 1964ರಲ್ಲಿ 2.74 ಕಿಲೋಮೀಟರು ಉದ್ದದ, 1819 ಅಡಿ ಜಲಮಟ್ಟದ ಲಿಂಗನಮಕ್ಕಿ ಅಣೆಕಟ್ಟು ಮುಗಿದಾಗ ಹಿರೇಭಾಸ್ಕರವೇ ನೀರಿನಡಿಗೆ ಹೋಯಿತು. ಸುಮಾರು 300 ಚದರ ಕಿಲೋಮೀಟರು ನೆಲ ಜಲಾವೃತವಾಯಿತು. ಊರುಗಳು, ತೋಟಗಳು, ದೇವಸ್ಥಾನಗಳು ಕಣ್ಮರೆಯಾದವು. ಲಾರಿಗಳಲ್ಲಿ ಹಂಡೆ, ಒರಳು, ಜಾನುವಾರುಗಳನ್ನು ಹೇರಿಕೊಂಡ ಕುಟುಂಬಗಳು ಶಿವಮೊಗ್ಗ ಸೀಮೆಯ ಕಾಡುಗಳ ಅಂಚಿಗೆ ಬಂದಿಳಿದವು. ಈ ದುರಂತದ ಒಳಗನ್ನು ಕನ್ನಡಿಗರಿಗೆ ತೋರಿಸಿಕೊಟ್ಟವರು ಸಾಗರದ ಕಾದಂಬರಿಕಾರ ದಿವಂಗತ ನಾ. ಡಿಸೋಜರು.

ಇವೆರಡು ಸಮುದಾಯಗಳ ನಡುವೆ ಯಾವ ಸಂಬಂಧವೂ ಇಲ್ಲವೆಂದು ಮೇಲುನೋಟಕ್ಕೆ ತೋರಬಹುದು. ಸಂಬಂಧವುಂಟು. 1948ರಿಂದ ಜೋಗದಲ್ಲಿ ವಿದ್ಯುತ್ತು ಉತ್ಪಾದನೆಯಾಗತೊಡಗಿದ ಮೇಲೆ, 1950ರ ದಶಕದಲ್ಲಿ ಭದ್ರಾವತಿಯಲ್ಲಿ ವಿದ್ಯುತ್ ಕುಲುಮೆಗಳು ಬಂದವು. ಕಣಿವೆಯ ರೈತನ ಗದ್ದೆಯ ಮೇಲೆ ನಿಂತ ನೀರೇ ತಮಿಳು ಕಾರ್ಮಿಕನ ಕುಲುಮೆಯನ್ನು ಉರಿಸಿತು. ಒಬ್ಬನ ನಷ್ಟವೂ ಇನ್ನೊಬ್ಬನ ದುಡಿಮೆಯೂ ಸೇರಿ ನಾಡಿನ ಔದ್ಯೋಗಿಕ ಪ್ರಗತಿ ಎನಿಸಿಕೊಂಡಿತೆಂದರೆ ಅತ್ಯುಕ್ತಿಯಾಗಲಾರದು.

ಇನ್ನು ಆರ್ಥಿಕ ಸ್ಥಿತಿಯ ತುಲನೆ. ಕಾರ್ಖಾನೆಯ ಕಾರ್ಮಿಕನು ಬಂದಾಗ ಅವನಲ್ಲಿ ಏನೂ ಇರಲಿಲ್ಲ. ಆದರೆ ಖಾಯಂ ಆದವನಿಗೆ ತಿಂಗಳ ಸಂಬಳ, ಭವಿಷ್ಯನಿಧಿ, ನ್ಯೂಟೌನಿನಲ್ಲೋ ಪೇಪರ್‌ಟೌನಿನಲ್ಲೋ ವಾಸಕ್ಕೆ ಮನೆ, ಕಾರ್ಖಾನೆಯ ಆಸ್ಪತ್ರೆ, ಮಕ್ಕಳಿಗೆ ಶಾಲೆ ಇವೆಲ್ಲ ದೊರೆತವು. ಅವನ ಹಿಂದೆ ಕಾರ್ಮಿಕ ಸಂಘವಿದ್ದಿತು. ಎರಡನೆಯ ತಲೆಮಾರು ಓದಿ ಗುಮಾಸ್ತರು, ಶಿಕ್ಷಕರು, ತಂತ್ರಜ್ಞರಾಗುವಷ್ಟು ಮೇಲಕ್ಕೆ ಬಂದಿತು. ಮುಳುಗಡೆಯ ರೈತನು ಬಂದಾಗ ಅವನಲ್ಲಿ ತಲೆತಲಾಂತರದ ಕೃಷಿಜ್ಞಾನವಿದ್ದಿತು, ಸಂಸಾರವಿದ್ದಿತು, ಕೆಲವರಲ್ಲಿ ಪರಿಹಾರದ ಹಣವೂ ಇದ್ದಿತು. ಆದರೆ ಅಡಿಕೆಯ ಸಸಿ ಫಲಕ್ಕೆ ಬರಲು ವರ್ಷಗಳೇ ಬೇಕು. ಕಾಡು ಕಡಿದು ಹಸನು ಮಾಡಿದ ನೆಲಕ್ಕೆ ಅನೇಕರಿಗೆ ಹಕ್ಕುಪತ್ರ ಬರಲಿಲ್ಲ. ಪಹಣಿಯಲ್ಲಿ ಹೆಸರಿಲ್ಲದವನಿಗೆ ಬ್ಯಾಂಕಿನ ಸಾಲವಿಲ್ಲ, ಬೆಳೆಹಾನಿಯ ಪರಿಹಾರವಿಲ್ಲ.

ಇಲ್ಲಿ ಒಂದು ಕಾಲವ್ಯತ್ಯಾಸವನ್ನು ವಿಶೇಷವಾಗಿ ಗಮನಿಸಬೇಕು. ಕಣಿವೆಯ ಬಹುಪಾಲು ದೀವರು ಗೇಣಿದಾರರು. 1951ರ ಕಾಗೋಡು ಸತ್ಯಾಗ್ರಹದಲ್ಲಿ ಎಚ್. ಗಣಪತಿಯಪ್ಪನವರ ನಾಯಕತ್ವದಲ್ಲಿ ಎದ್ದು ನಿಂತವರು ಇದೇ ಸೀಮೆಯ ಒಕ್ಕಲುಗಳು. ಆ ಹೋರಾಟದ ಫಲ ಕಾನೂನಿನ ರೂಪದಲ್ಲಿ ಪೂರ್ಣವಾಗಿ ದೊರೆತದ್ದು 1974ರ ಭೂಸುಧಾರಣೆಯಲ್ಲಿ. ನೀರು ನಿಂತದ್ದಾದರೋ 1964ರಲ್ಲಿ. ಉಳುವವನೇ ಹೊಲದೊಡೆಯನೆಂಬ ಕಾನೂನು ಬರುವುದಕ್ಕೆ ಹತ್ತು ವರ್ಷ ಮೊದಲೇ ಉಳುವವನ ಹೊಲ ಮುಳುಗಿಹೋಗಿದ್ದಿತು. ಒಡೆತನದ ಪತ್ರವಿದ್ದವರಿಗೂ ಗೇಣಿದಾರರಿಗೂ ಮುಳುಗಡೆ ಒಂದೇ ಆಗಿದ್ದರೂ ಅದರ ಫಲ ಒಂದೇ ಆಗಲಿಲ್ಲ.

ಸಾಮಾಜಿಕ ಸ್ಥಿತಿಯಲ್ಲಿ ತಕ್ಕಡಿಯು ಇನ್ನೊಂದು ಕಡೆಗೆ ವಾಲುತ್ತದೆ. ಮುಳುಗಡೆಯ ರೈತನಿಗೆ ಭಾಷೆಯ ತೊಡಕಿರಲಿಲ್ಲ. ಬಂದ ಊರಿನಲ್ಲಿಯೂ ಅವನ ಜಾತಿ, ಮಠ, ದೈವ, ನಂಟಸ್ತನಗಳು ಕೈಗೆ ನಿಲುಕುವಷ್ಟು ದೂರದಲ್ಲಿದ್ದವು. ಅವನ ಪ್ರಶ್ನೆ ಚುನಾವಣೆಯ ವೇದಿಕೆಗಳನ್ನು ತಲಪಿತು. ಜಿಲ್ಲೆಯ ನಾಯಕರು ಪಕ್ಷಭೇದವಿಲ್ಲದೆ ಅದನ್ನು ತಮ್ಮದೆಂದರು. ತಮಿಳು ಕಾರ್ಮಿಕನು ಮೂರು ತಲೆಮಾರುಗಳ ಬಳಿಕವೂ ಹೊರಗಿನವನೆಂಬ ಮಾತನ್ನು ಕೇಳಿಸಿಕೊಂಡನು. ಅವನ ಮೊಮ್ಮಕ್ಕಳು ಕನ್ನಡ ಮಾಧ್ಯಮದಲ್ಲಿ ಓದಿದವರು; ಮನೆಯಲ್ಲಿ ತಮಿಳನ್ನಾಡಿದರೂ ಅದರ ಲಿಪಿಯನ್ನರಿಯದವರು ಹಲವರು. ಶಿವಮೊಗ್ಗದ ಗುಡ್ಡೇಕಲ್ ಬಾಲಸುಬ್ರಹ್ಮಣ್ಯ ಸ್ವಾಮಿಯ ಆಡಿ ಕೃತ್ತಿಗೆ ಜಾತ್ರೆಯಲ್ಲಿ ಹರಕೆಯ ಕಾವಡಿ ಹೊರುವವರೊಡನೆ ಕನ್ನಡಿಗರೂ ಕೈಮುಗಿದು ನಿಲ್ಲುವುದನ್ನು ಕಂಡವರಿಗೆ, ಜನರು ಒಂದಾದಷ್ಟು ವೇಗವಾಗಿ ಜನರ ಮಾತು ಒಂದಾಗಿಲ್ಲವೆಂಬುದು ತಿಳಿಯುತ್ತದೆ.

ಈ ಎರಡೂ ಸಮುದಾಯಗಳನ್ನು ಕಾನೂನು ದಿನಾಂಕದಿಂದ ಅಳೆಯಿತು. ಪರಿಶಿಷ್ಟ ಜಾತಿಯ ಸ್ಥಾನಮಾನವು ವಲಸೆ ಹೋದವನೊಡನೆ ರಾಜ್ಯದಿಂದ ರಾಜ್ಯಕ್ಕೆ ಸಾಗುವುದಿಲ್ಲವೆಂದು ಸರ್ವೋಚ್ಚ ನ್ಯಾಯಾಲಯವು 1990ರಲ್ಲಿ ತೀರ್ಪಿತ್ತಿತು. 1950ರ ರಾಷ್ಟ್ರಪತಿಗಳ ಆಜ್ಞೆಯ ಕಾಲಕ್ಕೆ ಕುಟುಂಬದ ಖಾಯಂ ವಾಸ ಎಲ್ಲಿದ್ದಿತೆಂಬುದೇ ಆಧಾರ. ಆದುದರಿಂದ ಕುಲುಮೆಗೆ 1930ರಲ್ಲಿ ಬಂದ ದಲಿತ ಕಾರ್ಮಿಕನ ಮೊಮ್ಮಗನಿಗೂ 1955ರಲ್ಲಿ ಬಂದವನ ಮೊಮ್ಮಗನಿಗೂ ವ್ಯತ್ಯಾಸ ಬೀಳಬಹುದು. ಅತ್ತ 2006ರ ಅರಣ್ಯ ಹಕ್ಕು ಕಾಯಿದೆಯು, ಬುಡಕಟ್ಟಿನವರಲ್ಲದ ಅರಣ್ಯವಾಸಿಗಳು 13 ಡಿಸೆಂಬರ್ 2005ಕ್ಕೆ ಹಿಂದಿನ ಮೂರು ತಲೆಮಾರು, ಅಂದರೆ 75 ವರ್ಷಗಳ ವಾಸವನ್ನು ತೋರಿಸಬೇಕೆನ್ನುತ್ತದೆ. 1964ರಲ್ಲಿ ಸರಕಾರವೇ ಎಬ್ಬಿಸಿ ಕಳುಹಿಸಿದವನಿಗೆ ಆ ದಿನ ಆಗಿದ್ದುದು 41 ವರ್ಷ. ಅವನ ಪೂರ್ವಿಕರ 75 ವರ್ಷಗಳ ಸಾಕ್ಷ್ಯವು ಲಿಂಗನಮಕ್ಕಿಯ ನೀರಿನಡಿಯಲ್ಲಿದೆ. ಮುಳುಗಡೆ ಸಂತ್ರಸ್ತರಿಗಾಗಿ ರಾಜ್ಯ ಸರಕಾರವು ಅರಣ್ಯಭೂಮಿಯನ್ನು ಬಿಡಿಸಿ ಹೊರಡಿಸಿದ್ದ ಆದೇಶಗಳೂ, ಕೇಂದ್ರದ ಪೂರ್ವಾನುಮತಿ ಇಲ್ಲವೆಂಬ ಕಾರಣದಿಂದ 2021ರಲ್ಲಿ ಉಚ್ಚ ನ್ಯಾಯಾಲಯದಲ್ಲಿ ನಿಲ್ಲಲಿಲ್ಲ.

ದೀರ್ಘಕಾಲದವರೆಗೆ ಕಾರ್ಮಿಕನೇ ಭಾಗ್ಯಶಾಲಿಯೆಂದು ಎಲ್ಲರೂ ತಿಳಿದಿದ್ದರು. ಕಾಲವು ಆ ಎಣಿಕೆಯನ್ನೂ ಕೆಡಿಸಿತು. ಕಾಗದದ ಕಾರ್ಖಾನೆಯಲ್ಲಿ 2015ರಲ್ಲಿ ಉತ್ಪಾದನೆ ನಿಂತಿತು. 1989ರಲ್ಲಿ ಭಾರತೀಯ ಉಕ್ಕು ಪ್ರಾಧಿಕಾರದ ವಶಕ್ಕೆ ಹೋದ ವಿಶ್ವೇಶ್ವರಯ್ಯ ಕಬ್ಬಿಣ ಮತ್ತು ಉಕ್ಕಿನ ಕಾರ್ಖಾನೆಯನ್ನು ಮುಚ್ಚಲು 2023ರ ಜನವರಿಯಲ್ಲಿ ತೀರ್ಮಾನವಾಯಿತು. ಗುತ್ತಿಗೆ ಕಾರ್ಮಿಕರು ಬೀದಿಗಿಳಿದರು. ಅದೇ ಆಗಸ್ಟಿನಲ್ಲಿ ಒಂದು ವಿಭಾಗ ಮತ್ತೆ ನಡೆಯತೊಡಗಿತು. ಕಾರ್ಖಾನೆ ಕುಗ್ಗಿದಂತೆ ಒಂದು ಕಹಿಸತ್ಯ ಹೊರಬಿದ್ದಿತು. ಮೂರು ತಲೆಮಾರು ಬೆಳಗಿದ ಮನೆಯು ಕಾರ್ಖಾನೆಯದು, ನೆಲವೂ ಕಾರ್ಖಾನೆಯದು. ಹೀಗೆ, ಬೇರೆ ಬೇರೆ ದಾರಿಗಳಿಂದ ಬಂದ ಎರಡು ಸಮುದಾಯಗಳು ಕೊನೆಗೆ ಒಂದೇ ಪ್ರಶ್ನೆಯ ಮುಂದೆ ನಿಂತಿವೆ. ಕಾಲ ಕೆಳಗಿನ ನೆಲ ಯಾರದು?

ಈ ತುಲನೆಯಿಂದ ಹೊರಡುವ ಅಭಿಪ್ರಾಯವು ಸ್ಪಷ್ಟ. ಒಂದು ಸಮುದಾಯ ಮುಂದೆ ಬಂದುದಕ್ಕೆ ಅದರ ಜಾತಿಯ ಗುಣವನ್ನೂ, ಇನ್ನೊಂದು ಹಿಂದುಳಿದುದಕ್ಕೆ ಅದರ ಸೋಮಾರಿತನವನ್ನೂ ಕಾರಣವಾಗಿ ಹೇಳುವ ವಾಡಿಕೆ ಊರಕಟ್ಟೆಗಳಲ್ಲಿದೆ. ಅದು ಆಧಾರವಿಲ್ಲದ ಮಾತು. ದುಡಿಮೆಯಲ್ಲಿ ಇಬ್ಬರೂ ಹಿಂದೆ ಬಿದ್ದವರಲ್ಲ. ಬಂದ ದಿನ ಕೈಗೆ ಯಾವ ಕಾಗದ ದೊರೆಯಿತು, ಅದು ಎಷ್ಟು ಕಾಲ ಬಾಳಿತು ಎಂಬುದೇ ಅವರ ಸ್ಥಿತಿಯನ್ನು ನಿರ್ಧರಿಸಿದೆ. ಭವಿಷ್ಯನಿಧಿಯ ಪುಸ್ತಕ ಒಂದು ತಲೆಮಾರನ್ನು ಎತ್ತಿತು. ಹಕ್ಕುಪತ್ರದ ಅಭಾವ ಮೂರು ತಲೆಮಾರುಗಳನ್ನು ಹಿಡಿದು ನಿಲ್ಲಿಸಿತು.

ಕಾಡನ್ನು ಉಳಿಸಬೇಕಾದ ಕಾಲದಲ್ಲಿ ಹಕ್ಕುಪತ್ರದ ಮಾತು ಸಲ್ಲದೆಂದು ವಾದಿಸುವವರಿದ್ದಾರೆ. ಅವರ ಕಳಕಳಿ ಪ್ರಾಮಾಣಿಕವಾದುದು. ಮಲೆನಾಡಿನ ಕಾಡು ಇನ್ನಷ್ಟು ಕರಗಿದರೆ ರೈತನಿಗೂ ಉಳಿಗಾಲವಿಲ್ಲ. ಆದರೆ ಅರಣ್ಯ ಸಂರಕ್ಷಣಾ ಕಾಯಿದೆ ಬಂದುದು 1980ರಲ್ಲಿ. ಶೆಟ್ಟಿಹಳ್ಳಿ ಅಭಯಾರಣ್ಯ ಘೋಷಿತವಾದುದು 1974ರಲ್ಲಿ. ಅದಕ್ಕೆ ಮೊದಲೇ ಸರಕಾರದ ಯೋಜನೆಗಾಗಿ ಊರು ಬಿಟ್ಟವರನ್ನೂ ನಿನ್ನೆ ಬೇಲಿ ಹಾಕಿದವರನ್ನೂ ಒಂದೇ ಪಟ್ಟಿಯಲ್ಲಿ ಸೇರಿಸುವುದು ನ್ಯಾಯವಲ್ಲ. ಮುಳುಗಡೆಯ ದಾಖಲೆಗಳಲ್ಲಿ ಹೆಸರಿರುವ ಕುಟುಂಬಗಳನ್ನು ಗುರುತಿಸಿ, ಕೇಂದ್ರದ ಅನುಮತಿಯನ್ನು ಕ್ರಮಬದ್ಧವಾಗಿ ಪಡೆದು, ಗಡಿಕಲ್ಲು ನೆಟ್ಟು ಹಕ್ಕುಪತ್ರ ನೀಡಿದರೆ ಕಾಡಿಗೂ ಒಂದು ಖಚಿತವಾದ ಎಲ್ಲೆ ದೊರೆಯುತ್ತದೆ. ಅಂತೆಯೇ ಕಾರ್ಖಾನೆಯ ವಸತಿಗಳಲ್ಲಿ ಬಾಳುತ್ತಿರುವ ನಿವೃತ್ತ ಕುಟುಂಬಗಳಿಗೆ ವರ್ಷವರ್ಷವೂ ಅಂಜಿಕೆಯಿಲ್ಲದ ನೆಲೆ ಬೇಕು. ಹೊರಗಿನವರು ಬಂದು ಕೆಲಸ ಕಸಿದರೆಂಬ ಮಾತಿಗೆ, ಅವರು ಬಂದಾಗ ಆ ಕೆಲಸಕ್ಕೆ ಬೇರೆಯವರು ಸಾಲುಗಟ್ಟಿ ನಿಂತಿರಲಿಲ್ಲವೆಂಬ ಇತಿಹಾಸವೇ ಉತ್ತರ.

ಮಾಚೇನಹಳ್ಳಿಯು ಈಗ ಈ ಎರಡೂ ಕಥೆಗಳ ಮುಂದಿನ ಅಧ್ಯಾಯವನ್ನು ಬರೆಯುತ್ತಿದೆ. ಇಲ್ಲಿನ ಕೈಗಾರಿಕಾ ಪ್ರದೇಶದ ಸಿದ್ಧ ಉಡುಪಿನ ಕಾರ್ಖಾನೆಗೂ ಹಾಲಿನ ಡೇರಿಗೂ ಎರಕದ ಘಟಕಗಳಿಗೂ ಭದ್ರಾವತಿಯ ಕೇರಿಗಳಿಂದಲೂ ಶಿವಮೊಗ್ಗದ ಸುತ್ತಣ ಹಳ್ಳಿಗಳಿಂದಲೂ ಯುವಕ ಯುವತಿಯರು ಬರುತ್ತಾರೆ. ಕುಲುಮೆಯ ಕಾರ್ಮಿಕನ ಮೊಮ್ಮಗಳೂ ಮುಳುಗಡೆ ರೈತನ ಮೊಮ್ಮಗಳೂ ಅಕ್ಕಪಕ್ಕದ ಹೊಲಿಗೆ ಯಂತ್ರಗಳ ಮುಂದೆ ಕುಳಿತುಕೊಳ್ಳಬಹುದಾದ ಕಾಲವಿದು. ಅವರಿಗೆ ಅಜ್ಜನಿಗಿದ್ದಂತೆ ಕಾರ್ಖಾನೆಯ ಮನೆಯೂ ಇಲ್ಲ, ಮುಳುಗುವುದಕ್ಕೆ ಮೊದಲಿದ್ದಂತೆ ತೋಟವೂ ಇಲ್ಲ. ದುಡಿಮೆಗೆ ತಕ್ಕ ವೇತನವೂ ಉದ್ಯೋಗದ ಭದ್ರತೆಯೂ ಇಲ್ಲದಿದ್ದರೆ ಹಿಂದಿನ ತಪ್ಪು ಮೂರನೆಯ ಬಾರಿ ನಡೆದಂತಾಗುತ್ತದೆ.

ವಿದ್ಯಾಸಂಸ್ಥೆಗಳು ಭೂಮಿಯನ್ನು ಹಂಚಲಾರವು, ಕುಲುಮೆಯನ್ನು ಹೊತ್ತಿಸಲಾರವು. ಆದರೆ ಅವು ಮಾಡಬಹುದಾದ ಕೆಲಸವೊಂದುಂಟು. ತರಗತಿಯಲ್ಲಿ ಒಂದೇ ಹಲಗೆಯ ಮೇಲೆ ಕುಳಿತ ಮಕ್ಕಳಿಗೆ, ಅವರ ಹಿರಿಯರು ಎಲ್ಲಿಂದ, ಏಕೆ ಬಂದರೆಂಬುದನ್ನು ಸಂಕೋಚವಿಲ್ಲದೆ ಹೇಳಿಕೊಳ್ಳಲು ಕಲಿಸಬಹುದು. ಮನೆಯ ಹಳೆಯ ಪೆಟ್ಟಿಗೆಯಲ್ಲಿರುವ ಪರಿಹಾರದ ರಸೀದಿ, ಗೇಣಿ ಚೀಟಿ, ಕಾರ್ಖಾನೆಯ ಟೋಕನ್ನು, ಶಾಲೆಯ ವರ್ಗಾವಣೆ ಪತ್ರ ಇವುಗಳ ಬೆಲೆಯನ್ನು ತಿಳಿಸಿ ಕಾಪಾಡಿಕೊಳ್ಳಲು ಹೇಳಬಹುದು. ನಾಳೆ ಯಾವುದೋ ಕಚೇರಿಯ ಮೇಜಿನ ಮುಂದೆ ಆ ಮಕ್ಕಳು ನಿಲ್ಲುವಾಗ ಅವರ ಪರವಾಗಿ ಮಾತನಾಡುವುದು ಆ ಕಾಗದಗಳೇ. ಕಾಯಕ ಮತ್ತು ದಾಸೋಹಗಳನ್ನು ಬೋಧಿಸುವ ಪೀಠಗಳ ಆಶ್ರಯದಲ್ಲಿ ಬೆಳೆದ ಶಾಲೆಗಳಿಗೆ ಇದಕ್ಕಿಂತ ಹೊರತಾದ ಸಮಾಜಪಾಠವನ್ನು ದೂರದಲ್ಲಿ ಹುಡುಕಬೇಕಾಗಿಲ್ಲ.