ಗೋಡೆಯ ಚಿತ್ರ ಸೆರಗಿಗೆ ಬಂದಾಗ

ದೇವಾಲಯದಲ್ಲಿ ತೂಗುಹಾಕಲೆಂದು ಬರೆದ ಚಿತ್ರವನ್ನು ಜನ ಎದುರು ನಿಂತು ನೋಡುತ್ತಾರೆ. ಅದು ಮಡಿಚಿಕೊಳ್ಳುವುದಿಲ್ಲ, ನಡೆದಾಡುವುದಿಲ್ಲ. ಅದೇ ಚಿತ್ರ ಐದೂವರೆ ಮೀಟರಿನ ಸೀರೆಗೆ ಬಂದಾಗಲೋ, ಅರ್ಧ ನಿರಿಗೆಯಲ್ಲಿ ಅಡಗುತ್ತದೆ. ಉಳಿದದ್ದು ಹೆಗಲಿನಿಂದ ಬೆನ್ನಿಗೆ ಇಳಿಯುತ್ತದೆ. ಕಲಂಕಾರಿ ಸೀರೆಯ ವಿನ್ಯಾಸಕ್ಕೆ ಕೈಹಾಕುವವರಿಗೆ ಎದುರಾಗುವ ಮೊದಲ ತೊಡಕು ಇದೇ.

ಆಂಧ್ರದ ಸ್ವರ್ಣಮುಖಿ ನದಿಯ ದಡದಲ್ಲಿರುವ ಶ್ರೀಕಾಳಹಸ್ತಿಯ ಕಲಂಕಾರಿಯಲ್ಲಿ ಚಿತ್ರವೆಲ್ಲವೂ ಕೈಬರಹ. (ಮಚಲೀಪಟ್ಟಣದ್ದು ಮರದ ಅಚ್ಚಿನ ಕೆಲಸ, ಹೆಸರು ಒಂದೇ ಆದ್ದರಿಂದ ಕೊಳ್ಳುವವರು ಗೊಂದಲಪಡುವುದುಂಟು.) ಬಿದಿರುಕಡ್ಡಿಯ ತುದಿಯನ್ನು ಮೊನೆಮಾಡಿ, ಅದರ ಮೇಲ್ಗಡೆ ಉಣ್ಣೆ ಸುತ್ತಿ ದಾರ ಬಿಗಿದರೆ ಕಲಮು ಸಿದ್ಧ. ಬೆರಳಿನಿಂದ ಉಣ್ಣೆಯನ್ನು ಒತ್ತಿದಷ್ಟು ಬಣ್ಣ ಇಳಿಯುತ್ತದೆ. ಬಟ್ಟೆಯನ್ನು ಮೊದಲೇ ಅಳಲೆಕಾಯಿ ಬೆರೆಸಿದ ಎಮ್ಮೆಯ ಹಾಲಿನಲ್ಲಿ ಅದ್ದಿ ಒಣಗಿಸಿರುತ್ತಾರೆ. ಹಾಲಿನ ಜಿಡ್ಡು ಬಣ್ಣ ಹರಡದಂತೆ ತಡೆಯುತ್ತದೆ. ಕಬ್ಬಿಣದ ಚೂರುಗಳನ್ನು ಬೆಲ್ಲದ ನೀರಿನಲ್ಲಿ ಎರಡು ಮೂರು ವಾರ ಹುಳಿಯಿಸಿ ಸೋಸಿದ ರಸ, ಅಳಲೆಯುಂಡ ಬಟ್ಟೆಗೆ ತಾಕಿದೊಡನೆ ಕಪ್ಪಾಗುತ್ತದೆ. ಆ ಗೆರೆಯನ್ನು ಅಳಿಸುವಂತಿಲ್ಲ. ಪಟಿಕದ ನೀರು ಬಳಿದೆಡೆಯಲ್ಲಿ ಬೇರಿನ ಬಣ್ಣ ಕುದಿಯುವಾಗ ಕೆಂಪು ಹಿಡಿಯುತ್ತದೆ. ಹೀಗೆ ಬರೆದು, ತೊಳೆದು, ಒಣಗಿಸಿ, ಮತ್ತೆ ಬರೆಯುವುದರಲ್ಲಿ ವಾರಗಳು ಉರುಳುತ್ತವೆ.

ಕುಂದಿಹೋಗುತ್ತಿದ್ದ ಈ ಕಲೆಗೆ ಮಂಗಳೂರಿನಲ್ಲಿ ಜನಿಸಿದ ಕಮಲಾದೇವಿ ಚಟ್ಟೋಪಾಧ್ಯಾಯರು ಒತ್ತಾಸೆಯಾದರು. 1957ರಲ್ಲಿ ಶ್ರೀಕಾಳಹಸ್ತಿಯಲ್ಲಿ ತರಬೇತಿ ಕೇಂದ್ರ ತೆರೆಯಿತು.

ಗೋಡೆಯ ಪಟದಲ್ಲಿ ರಾಮ, ಸೀತೆ, ಹನುಮಂತ ಎಲ್ಲರೂ ಒಂದೇ ದಿಕ್ಕಿಗೆ ನಿಂತಿರುತ್ತಾರೆ. ಸೀರೆಯಲ್ಲಿ ಹಾಗೆ ಸಾಗದು. ಸೆರಗು ಬೆನ್ನ ಮೇಲೆ ಇಳಿಬಿದ್ದಾಗ ಅದರ ಕೊನೆಯೇ ನೆಲವಾಗುವುದರಿಂದ, ಅಲ್ಲಿಯ ಮೂರ್ತಿಗಳ ಪಾದ ಸೀರೆಯ ಕೊನೆಯತ್ತ ಇರಬೇಕು. ಒಡಲಿನ ಬಳ್ಳಿಗೆ ಕೆಳಗಿನ ಅಂಚೇ ನೆಲ. ಇದನ್ನು ಮರೆತರೆ ಉಟ್ಟವಳ ಬೆನ್ನ ಮೇಲೆ ಸೀತಾದೇವಿ ಮಲಗಿಬಿಡುತ್ತಾಳೆ! ಪಾದಕ್ಕೆ ತಾಗುವ ಅಂಚಿನಲ್ಲಿ ದೇವರನ್ನು ಬರೆಸುವುದು ಅನೇಕ ಮನೆಗಳಲ್ಲಿ ಹಿರಿಯರಿಗೆ ಸರಿಬರದು. ಅಲ್ಲಿಗೆ ಹಂಸಗಳ ಸಾಲು, ತಾವರೆ ಸಾಕು. ನಿರಿಗೆ ಬೀಳುವೆಡೆ ಬಳ್ಳಿಯೇ ಲೇಸು. ಮಡಿಕೆಯಲ್ಲಿ ತುಂಡಾದ ಬಳ್ಳಿ ಬಳ್ಳಿಯಾಗಿಯೇ ಉಳಿಯುತ್ತದೆ, ತುಂಡಾದ ಮುಖ ಮುಖವಾಗಿ ಉಳಿಯದು. ಸೀರೆಯುದ್ದಕ್ಕೂ ರಾಮಾಯಣವನ್ನು ತುಂಬುವ ಆಸೆಯನ್ನು ಬಿಟ್ಟು, ಒಡಲನ್ನು ಬಹುಪಾಲು ಬರಿದಾಗಿರಿಸಿ, ಕಥೆಯನ್ನು ಸೆರಗಿಗೆ ಮೀಸಲಿಟ್ಟವರ ಸೀರೆಗಳೇ ಕಣ್ಣಿಗೆ ತಂಪು.

ಕೈಚೀಲದ ಮಾತು ಬೇರೆ. ಅದು ಮಡಿಚದ ಪುಟ್ಟ ಗೋಡೆಯಂತೆ. ಒಂದೇ ಮುಖ, ಒಂದೇ ನವಿಲು ಅಲ್ಲಿ ಪೂರ್ಣವಾಗಿ ಕಾಣುತ್ತದೆ, ಬೆಲೆಯೂ ಕೈಗೆಟುಕುತ್ತದೆ. ರವಿಕೆಗಾದರೆ ಅಳತೆ ಗುರುತು ಮಾಡಿದ ಬಟ್ಟೆಯ ಮೇಲೆಯೇ ಚಿತ್ರ ಬರೆಸಬೇಕು. ಬರೆದ ಬಟ್ಟೆಗೆ ಆಮೇಲೆ ಕತ್ತರಿ ಹಾಕಿಸಿ, ದೇವಿಯ ಕಣ್ಣೊಂದು ಕಂಕುಳಿಗೆ ಸೇರಿದ ಮೇಲೆ ದರ್ಜಿಯನ್ನು ದೂರುವುದು ನ್ಯಾಯವಲ್ಲ.

ಯಂತ್ರದಲ್ಲಿ ಮುದ್ರಿಸಿದ ಕಲಂಕಾರಿ ಮಾದರಿಯ ಸೀರೆಗಳು ಅಗ್ಗದ ದರಕ್ಕೆ ಪೇಟೆಯಲ್ಲಿ ರಾಶಿಬಿದ್ದಿವೆ. ಮುದ್ರಣವೆಂದು ತಿಳಿದೇ ಕೊಂಡರೆ ತಪ್ಪೇನಿಲ್ಲ; ಕೈಕೆಲಸವೆಂಬ ಹೆಸರಿನಲ್ಲಿ ಅದು ಮಾರಾಟವಾದಾಗ ವಾರಗಟ್ಟಲೆ ಕುಳಿತು ಬರೆದವರ ಕೂಲಿಗೆ ಕತ್ತರಿ ಬೀಳುತ್ತದೆ. ಕೊಳ್ಳುವಾಗ ಒಂದೇ ಹೂವು ಎರಡು ಕಡೆ ಇರುವುದನ್ನು ಹುಡುಕಿ, ಹೋಲಿಸಿ ನೋಡಬೇಕು. ಕೈಯಿಂದ ಬರೆದದ್ದಾದರೆ ಎರಡರಲ್ಲಿ ಒಂದರ ಗೆರೆ ತುಸು ದಪ್ಪಗಾಗಿರುತ್ತದೆ, ಇಲ್ಲವೇ ಎಸಳೊಂದು ಬೇರೆ ರೀತಿ ಬಾಗಿರುತ್ತದೆ.

ಮನೆಗೆ ತಂದ ಸೀರೆಯನ್ನು ಬೇರೆ ಬಟ್ಟೆಗಳೊಡನೆ ನೆನೆಹಾಕಬಾರದು. ಹತ್ತಿಯದಾದರೆ ತಣ್ಣೀರಿನಲ್ಲಿ ಅಂಟುವಾಳದ ನೊರೆ ಸಾಕು. ಹಿಂಡದೆ, ನೆರಳಿನಲ್ಲಿ ಹರವಬೇಕು.