ಮಗುವಿಗೂ ಚಿತ್ರಕ್ಕೂ ನಡುವೆ ನಿಲ್ಲಬೇಡಿರಿ

ಚಿಕ್ಕ ಮಕ್ಕಳಿಗೆ ದೊಡ್ಡ ಕಲಾವಿದರ ಚಿತ್ರಗಳನ್ನು ತೋರಿಸುವುದೆಂದರೆ ಕೋಣನ ಮುಂದೆ ಕಿನ್ನರಿ ಬಾರಿಸಿದಂತೆ ಎಂಬ ಮಾತು ನಮ್ಮ ಸೊಲ್ಲಾಪುರ, ಅಕ್ಕಲಕೋಟೆಗಳ ಕಡೆಗೆ ಇಂದಿಗೂ ಕೇಳಿಬರುತ್ತದೆ. ಹೀಗೆ ಹೇಳುವವರಲ್ಲಿ ಓದಿದ ಪಾಲಕರಿದ್ದಾರೆ. ನಮ್ಮ ವೃತ್ತಿಬಾಂಧವರೂ ಇದ್ದಾರೆ. ಓದು, ಬರಹ, ಲೆಕ್ಕ ಬಂದರೆ ಸಾಕು, ಚಿತ್ರಶಾಲೆಯ ಚಿಂತೆ ಮುಂಬಯಿ-ಪುಣೆಯ ಸಿರಿವಂತರ ಮಕ್ಕಳಿಗಿರಲಿ ಎಂಬುದು ಅವರ ವಾದ. ಈ ವಾದವನ್ನು ಇನ್ನು ಸುಮ್ಮನೆ ಕೇಳಿಕೊಂಡಿರಲಾಗದು. ಏಕೆಂದರೆ ಇದರಿಂದ ನಷ್ಟವಾಗುತ್ತಿರುವುದು ಕನ್ನಡ ಶಾಲೆಯ ಮಗುವಿನ ಕಣ್ಣಿಗೆ, ಅದರ ನಾಲಗೆಗೆ.

ಮೊದಲನೆಯದಾಗಿ, ಚಿತ್ರವು ನಮ್ಮ ಮನೆಗಳಿಗೆ ಹೊಸದೆಂಬುದೇ ಸುಳ್ಳು. ರಾಜಾ ರವಿವರ್ಮನು 1894ರಲ್ಲಿ ಮುಂಬಯಿಯಲ್ಲಿ ಕಲ್ಲಚ್ಚಿನ ಮುದ್ರಣಾಲಯವನ್ನು ತೆರೆದ ಮೇಲೆ ಅವನ ಲಕ್ಷ್ಮಿ-ಸರಸ್ವತಿಯರು ಅರಮನೆಯನ್ನು ಬಿಟ್ಟು ಬಡವರ ಗೋಡೆಗೆ ಬಂದರು. ನಮ್ಮ ಅಜ್ಜಿಯರು ಆ ಚಿತ್ರಗಳಿಗೆ ಕುಂಕುಮವಿಟ್ಟು ಕೈಮುಗಿದರು. ಇನ್ನು ಸೊಲ್ಲಾಪುರದ ನೇಕಾರರ ಮಕ್ಕಳ ಮಾತನ್ನು ಕೇಳಬೇಕೆ? ಚಾದರದ ಬಳ್ಳಿ-ಹೂವು ಹೇಗೆ ತಿರುಗುತ್ತದೆ, ಯಾವ ಬಣ್ಣದ ಮಗ್ಗುಲಿಗೆ ಯಾವ ಬಣ್ಣ ಎದ್ದು ಕಾಣುತ್ತದೆ ಎಂಬುದನ್ನು ಮಗ್ಗದ ಪಕ್ಕದಲ್ಲಿ ಆಡಿ ಬೆಳೆದ ಮಗು ನಮಗಿಂತ ಚೆನ್ನಾಗಿ ಬಲ್ಲದು. ಇಂತಹ ಮಗುವನ್ನು ಕೋಣವೆಂದು ಕರೆಯುವುದಕ್ಕೆ ಎದೆಗಾರಿಕೆ ಬೇಕು!

ನಮ್ಮ ಮಣ್ಣಿನಲ್ಲಿ ಚಿತ್ರಕಾರರು ಹುಟ್ಟುವುದಿಲ್ಲವೆನ್ನುವವರಿಗೂ ಉತ್ತರ ದೂರವಿಲ್ಲ. ನಮ್ಮ ಜಿಲ್ಲೆಯ ಪಂಢರಪುರದಲ್ಲಿ 1915ರಲ್ಲಿ ಎಂ. ಎಫ್. ಹುಸೇನರು ಹುಟ್ಟಿದರು, ಮರುವರ್ಷ, 1916ರಲ್ಲಿ, ಕಲಬುರ್ಗಿಯಲ್ಲಿ ಎಸ್. ಎಂ. ಪಂಡಿತರು ಹುಟ್ಟಿದರು. ಒಬ್ಬರು ನಮ್ಮ ಪಡುವಣಕ್ಕೆ, ಇನ್ನೊಬ್ಬರು ಮೂಡಣಕ್ಕೆ. ಇಬ್ಬರೂ ಮುಂಬಯಿಯಲ್ಲಿ ಸಿನಿಮಾದ ಜಾಹೀರಾತು ಚಿತ್ರಗಳನ್ನು ಬರೆದು ಹೊಟ್ಟೆ ಹೊರೆದವರು; ಇಬ್ಬರೂ ದೇಶಕ್ಕೆ ಹೆಸರಾದವರು. ಇವರ ಹೆಸರನ್ನಾದರೂ ನಾಲ್ಕನೆಯ ಇಯತ್ತೆಯ ಎಷ್ಟು ಮಕ್ಕಳ ಮುಂದೆ ನಾವು ಎತ್ತಿದ್ದೇವೆ?

ಎರಡನೆಯ ಆಕ್ಷೇಪ, ನಮ್ಮ ಸಮೀಪದಲ್ಲಿ ಚಿತ್ರಶಾಲೆಗಳೆಲ್ಲಿ ಎಂಬುದು. ಸೊಲ್ಲಾಪುರದಿಂದ ಸುಮಾರು 100 ಕಿಲೋಮೀಟರು ದೂರದ ವಿಜಯಪುರವನ್ನು ಕಾಣದ ಕುಟುಂಬ ನಮ್ಮಲ್ಲಿ ವಿರಳ. ಅಲ್ಲಿಗೆ ಹೋದವರು ಮಾಡುವುದೇನು? ಗೋಲಗುಂಬಜದ ಮೆಟ್ಟಿಲೇರಿ ಕೂಗುತ್ತಾರೆ. ತಮ್ಮ ಕೂಗು ಮರುಕೂಗಾಗಿ ಬಂದುದನ್ನು ಕೇಳಿ ಹಿಗ್ಗುತ್ತಾರೆ. ಮೊಬೈಲಿನಲ್ಲಿ ತಮ್ಮ ಮುಖವನ್ನೇ ಹಿಡಿದುಕೊಂಡು ಊರಿಗೆ ತಿರುಗುತ್ತಾರೆ. ಅದೇ ಆವರಣದಲ್ಲಿ, ಗುಂಬಜದ ಎದುರಿಗೇ, ನಗಾರಖಾನೆಯ ಕಟ್ಟಡದಲ್ಲಿ ವಸ್ತುಸಂಗ್ರಹಾಲಯವೊಂದಿದೆ. ಅಲ್ಲಿ ಕಿರುಚಿತ್ರಗಳಿವೆ, ಹಸ್ತಪ್ರತಿಗಳಿವೆ, ಹಳೆಯ ರತ್ನಗಂಬಳಿಗಳಿವೆ. 1580ರಿಂದ 1627ರ ವರೆಗೆ ಆಳಿದ ಎರಡನೆಯ ಇಬ್ರಾಹಿಂ ಆದಿಲಶಾಹನು ಚಿತ್ರಕಾರರಿಗೂ ಗಾಯಕರಿಗೂ ಆಶ್ರಯವಿತ್ತ ಊರು ಅದು. ತಮ್ಮ ಧ್ವನಿಯನ್ನು ತಾವೇ ಕೇಳಲು ಅಷ್ಟೊಂದು ಮೆಟ್ಟಿಲು ಹತ್ತುವ ನಾವು, ಇನ್ನೊಬ್ಬನು ಕಂಡುದನ್ನು ಕಾಣಲು ಎದುರಿನ ಬಾಗಿಲನ್ನು ಹೊಗುವುದಿಲ್ಲ!

ಪಂಢರಪುರದಾಚೆ, ಸಾತಾರೆ ಜಿಲ್ಲೆಯ ಔಂಧವನ್ನು ನೋಡಿರಿ. ಅಲ್ಲಿನ ಸಂಸ್ಥಾನಿಕರಾಗಿದ್ದ ಬಾಳಾಸಾಹೇಬ ಪಂತ ಪ್ರತಿನಿಧಿಗಳು ಸ್ವತಃ ಕುಂಚ ಹಿಡಿದವರು. ಅವರು 1938ರಲ್ಲಿ ಯಮಾಯಿದೇವಿಯ ಗುಡ್ಡದ ಮೇಲೆ ಭವಾನಿ ವಸ್ತುಸಂಗ್ರಹಾಲಯವನ್ನು ಕಟ್ಟಿಸಿದರು. ರವಿವರ್ಮನ ಮೂಲಚಿತ್ರಗಳೂ ಧುರಂಧರರ ಚಿತ್ರಗಳೂ ಅಲ್ಲಿವೆ. ಇಂಗ್ಲೆಂಡಿನ ಹೆನ್ರಿ ಮೂರನು ಕಡೆದ ತಾಯಿ-ಮಗುವಿನ ಶಿಲ್ಪವೂ ಇದೆ. ಈಗ ವಿಜಯಪುರ ಜಿಲ್ಲೆಯಲ್ಲಿರುವ ಗುಣದಾಳವು ಹಿಂದೆ ಇದೇ ಔಂಧ ಸಂಸ್ಥಾನಕ್ಕೆ ಸೇರಿತ್ತು. ಹೀಗಿರುವಲ್ಲಿ ಆ ಗುಡ್ಡ ಕನ್ನಡಿಗರಿಗೆ ಪರಕೀಯವೆಂದು ಹೇಳಿದವರಾರು? ದೇವಿಯ ದರ್ಶನಕ್ಕೆ ಹೋಗುವ ಕುಟುಂಬವು ಇನ್ನೊಂದು ಗಂಟೆ ಅಲ್ಲಿ ನಿಂತರೆ ಕಳೆದುಕೊಳ್ಳುವುದೇನೂ ಇಲ್ಲ.

ಆದರೆ ಹೋಗದವರಿಗಿಂತ ಹೋಗಿ ಕೆಡಿಸುವವರ ಮೇಲೆ ನನ್ನ ಆಕ್ಷೇಪ ಹೆಚ್ಚಿನದು. ತಂದೆಯು ಮುಂದೆ ಮುಂದೆ ನಡೆಯುತ್ತಾನೆ, "ಬೇಗ ಬಾ, ಬಸ್ಸು ತಪ್ಪುತ್ತದೆ" ಎನ್ನುತ್ತಾನೆ. ತಾಯಿಯು "ಮುಟ್ಟಬೇಡ, ಮಾತಾಡಬೇಡ" ಎನ್ನುತ್ತಾಳೆ. ಜೊತೆಗೆ ಗುರುಗಳಿದ್ದರಂತೂ ಮುಗಿಯಿತು: ಚಿತ್ರಕಾರನ ಹೆಸರು, ಇಸವಿ, ನೀತಿಪಾಠ ಎಲ್ಲವನ್ನೂ ವಹಿಯಲ್ಲಿ ಬರೆಸುತ್ತಾರೆ. ಮಗು ವಹಿಯನ್ನು ನೋಡುತ್ತದೆ. ಚಿತ್ರವನ್ನು ನೋಡುವುದೇ ಇಲ್ಲ. ಒಂದು ಗಂಟೆಯಲ್ಲಿ ನೂರು ಚಿತ್ರಗಳ ಮುಂದೆ ಹಾಯ್ದ ಮಗುವಿಗೆ ಸಂಜೆ ನೆನಪಿರುವುದು ಕಾಲುನೋವು ಮಾತ್ರ.

ಹೆಸರು ಹಿಡಿದು ನೋಡುವವರ ಗತಿಗೆ ಒಂದು ನಿದರ್ಶನ ಸಾಕು. ಮೈಸೂರಿನ ಜಗನ್ಮೋಹನ ಅರಮನೆಯ ಸಂಗ್ರಹದಲ್ಲಿ ದೀಪ ಹಿಡಿದ ಹೆಣ್ಣಿನ ಪ್ರಸಿದ್ಧ ಚಿತ್ರವೊಂದಿದೆ. ಅದನ್ನು ಬರೆದವರು ಸಾವಂತವಾಡಿಯ ಎಸ್. ಎಲ್. ಹಳದಣಕರರು, ಅದು ಜಲವರ್ಣದ ಚಿತ್ರ. ಆದರೂ ರವಿವರ್ಮನ ತೈಲಚಿತ್ರವೆಂದು ಭ್ರಮಿಸಿ ಹೊಗಳಿದವರಿಗೆ ಲೆಕ್ಕವಿಲ್ಲ. ಮಗುವನ್ನು ಅದರ ಮುಂದೆ ನಿಲ್ಲಿಸಿ, "ಈ ಬೆಳಕು ಎಲ್ಲಿಂದ ಬರುತ್ತಿದೆ?" ಎಂದಷ್ಟೇ ಕೇಳಿದರೆ, ಅದು ಮುಖವನ್ನು ನೋಡುತ್ತದೆ, ದೀಪವನ್ನು ನೋಡುತ್ತದೆ, ಕೊನೆಗೆ ದೀಪಕ್ಕೆ ಮರೆಮಾಡಿದ ಬೆರಳುಗಳ ಕೆಂಪನ್ನು ತಾನೇ ಕಂಡುಹಿಡಿಯುತ್ತದೆ. ಹೆಸರನ್ನು ಆಮೇಲೆ ಹೇಳಿದರಾಯಿತು. ಆಗ ಅದು ಮರೆಯುವುದಿಲ್ಲ.

ಆದುದರಿಂದ ಪಾಲಕರಲ್ಲಿಯೂ ಉಪಾಧ್ಯಾಯ ಬಂಧುಗಳಲ್ಲಿಯೂ ನನ್ನ ಆಗ್ರಹವಿಷ್ಟು. ಒಂದು ಸಲಕ್ಕೆ ಮೂರೇ ಚಿತ್ರಗಳು ಸಾಕು. ಅವನ್ನು ಮಗುವೇ ಆರಿಸಲಿ. ಮೊದಲು ಸುಮ್ಮನೆ ನಿಲ್ಲಿರಿ. ಬಳಿಕ "ಏನು ಕಾಣುತ್ತದೆ?" ಎಂದು ಕೇಳಿರಿ, ಉತ್ತರ ಬಂದ ಮೇಲೆ "ಯಾವುದನ್ನು ನೋಡಿ ಹಾಗೆ ಹೇಳಿದಿ?" ಎಂದು ಕೇಳಿರಿ. "ಈ ಚಿತ್ರ ನನಗೆ ಸೇರಲಿಲ್ಲ" ಎಂದು ಮಗು ಹೇಳಿದರೆ ಗದರಿಸಬೇಡಿರಿ, ಕಾರಣ ಕೇಳಿರಿ. ಅದು ದಣಿಯುವ ಮೊದಲೇ ಹೊರಗೆ ಬನ್ನಿರಿ.

ಈ ಪ್ರಶ್ನೋತ್ತರವೆಲ್ಲ ಕನ್ನಡದಲ್ಲಿಯೇ ನಡೆಯಬೇಕು. ಮಹಾರಾಷ್ಟ್ರದ ಸಂಗ್ರಹಾಲಯಗಳಲ್ಲಿ ಚಿತ್ರದ ಕೆಳಗಿನ ಚೀಟಿಗಳು ಕನ್ನಡದಲ್ಲಿರುವುದಿಲ್ಲ. ಅದನ್ನು ಕಂಡು ನಮ್ಮ ಪಾಲಕರು ಕುಗ್ಗುತ್ತಾರೆ. ಮಗು ಗಟ್ಟಿಯಾಗಿ ಕನ್ನಡದಲ್ಲಿ ಕೇಳಿದರೆ ಅತ್ತಿತ್ತ ನೋಡಿ ಬಾಯಿ ಮುಚ್ಚಿಸುತ್ತಾರೆ. ಕಲೆ, ಸಂಸ್ಕೃತಿಗಳೆಲ್ಲ ಇಂಗ್ಲಿಷಿನ ಸೊತ್ತು ಎಂಬ ಭ್ರಾಂತಿ ಅಲ್ಲಿಯೇ ಮೊಳೆಯುತ್ತದೆ. ಮರುವರ್ಷ ಆ ಮಗುವಿನ ಹೆಸರು ಕನ್ನಡ ಶಾಲೆಯ ಹಾಜರಿಪಟ್ಟಿಯಿಂದ ಮರೆಯಾದರೆ ಆಶ್ಚರ್ಯವೇನು? ಚೀಟಿಗೆ ಭಾಷೆಯುಂಟು, ಚಿತ್ರಕ್ಕಿಲ್ಲ. ಆ ಕಟ್ಟಡದಲ್ಲಿ ಕನ್ನಡದ ಮಗು ಯಾರಿಗೂ ಕಡಿಮೆಯಾಗದೆ ನಿಲ್ಲಬಹುದಾದ ಸ್ಥಳವೆಂದರೆ ಚಿತ್ರದ ಎದುರು. ಗಿಣಿಹಸಿರು, ನಸುಗೆಂಪು, ಕಾವಿ, ಬೂದಿ, ಅರಿಸಿನ ಎಂಬ ಮಾತುಗಳು ಅದರ ಬಾಯಲ್ಲಿ ಇನ್ನೂ ಬದುಕಿವೆ. ಅವನ್ನು ಆಡಲು ಬಿಡಿರಿ.

ನಮ್ಮ ಸಂಘವು ಭಾಷಣಗಳಿಗೆ, ಹಾರತುರಾಯಿಗಳಿಗೆ ವೆಚ್ಚ ಮಾಡುವ ಹಣದಲ್ಲಿ ವರ್ಷಕ್ಕೊಮ್ಮೆ ವಿಜಯಪುರಕ್ಕೋ ಔಂಧಕ್ಕೋ ಒಂದು ಬಸ್ಸು ಹೊರಡಿಸಲಿ. ಅದರಲ್ಲಿ ಮಕ್ಕಳೊಡನೆ ತಾಯ್ತಂದೆಗಳೂ ಕುಳಿತಿರಲಿ. ತಿರುಗಿ ಬಂದ ಮೇಲೆ ಪ್ರತಿಯೊಂದು ಮಗುವೂ ತಾನು ಕಂಡ ಒಂದು ಚಿತ್ರದ ವಿಷಯವಾಗಿ ಐದು ವಾಕ್ಯಗಳನ್ನು ಬರೆಯಲಿ. ಗುರುಗಳು ತಿದ್ದದೆ ಇದ್ದಂತೆಯೇ ಅವನ್ನು ಈ ಪತ್ರಿಕೆಯಲ್ಲಿ ಅಚ್ಚುಮಾಡೋಣ. ಕೋಣನ ಗಾದೆಯನ್ನು ಹೇಳುವ ಮಹನೀಯರು ಆ ಐದೈದು ವಾಕ್ಯಗಳನ್ನು ಓದಲಿ. ಆಮೇಲೆ ಬೇಕಾದರೆ ಮಾತನಾಡಲಿ.