ನಿಘಂಟಿನ ಹಿಂದಿನ ಸಂಸಾರ



ಕನ್ನಡ ಶಬ್ದವೊಂದರ ಅರ್ಥದಲ್ಲಿ ಸಂದೇಹವುಂಟಾದರೆ "ಕಿಟ್ಟೆಲ್ ಏನು ಹೇಳುತ್ತದೆ, ನೋಡೋಣ" ಎನ್ನುವುದು ನಮ್ಮ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳ ಉಪಾಧ್ಯಾಯರ ವಾಡಿಕೆ. "ಹೇಳುತ್ತಾರೆ" ಎಂದಲ್ಲ, "ಹೇಳುತ್ತದೆ" ಎಂದು. ಮನುಷ್ಯನ ಹೆಸರು ಗ್ರಂಥದ ಹೆಸರಾಗಿ ಹೋಗಿದೆ. ಆ ಮನುಷ್ಯನಿಗೂ ಒಂದು ಮನೆಯಿತ್ತು, ಹೆಂಡತಿ ಮಕ್ಕಳಿದ್ದರು ಎಂಬುದು ನಮ್ಮ ನೆನಪಿಗೆ ಬರುವುದು ಅಪೂರ್ವ. ಗ್ರಂಥದ ಗುಣಾವಗುಣಗಳನ್ನು ವಿದ್ವಾಂಸರು ಬೇಕಾದಷ್ಟು ವಿಚಾರ ಮಾಡಿದ್ದಾರೆ. ಗೃಹಸ್ಥರು ಓದುವ ಈ ಪತ್ರಿಕೆಯಲ್ಲಿ ಆ ಮನೆಯ ವಿಚಾರವನ್ನು ಎತ್ತಿಕೊಳ್ಳುವುದು ಯುಕ್ತವೆಂದು ತೋರುತ್ತದೆ.

ಈ ಕಥೆಯ ಮೊದಲ ಅಧ್ಯಾಯ ನಡೆದದ್ದು ನಮ್ಮ ಸೀಮೆಯಲ್ಲಿಯೇ. ಈಗ 2021ರಿಂದ ನಾವು ವಿಜಯನಗರ ಜಿಲ್ಲೆಯವರಾದರೂ ಹಿಂದೆ ಬಹುಕಾಲ ಬಳ್ಳಾರಿಯವರಾಗಿದ್ದೆವಷ್ಟೆ. ಆ ಬಳ್ಳಾರಿಗೆ 1810ರಲ್ಲಿ ಲಂಡನ್ ಮಿಶನ್ನಿನ ಜಾನ್ ಹ್ಯಾಂಡ್ಸ್ ಎಂಬವರು ಬಂದರು. ಅವರ ಹಿಂದೆ ವಿಲಿಯಂ ರೀವ್ ಎಂಬವರು ಬಂದರು. ಬೈಬಲನ್ನು ಕನ್ನಡಕ್ಕೆ ತರುವುದು ಇವರ ಉದ್ದೇಶ. ತರಬೇಕಾದರೆ ಶಬ್ದಗಳು ಬೇಕು, ಶಬ್ದಗಳಿಗೆ ಕೋಶ ಬೇಕು. ಆದಕಾರಣ ರೀವರು ಕೋಶವನ್ನು ರಚಿಸುವುದಕ್ಕೆ ತೊಡಗಿದರು. ಅವರ ಇಂಗ್ಲಿಷು-ಕನ್ನಡ ಕೋಶವು 1824ರಲ್ಲಿಯೂ ಕನ್ನಡ-ಇಂಗ್ಲಿಷು ಕೋಶವು 1832ರಲ್ಲಿಯೂ ಹೊರಬಂದವು. ಕಿಟ್ಟೆಲರು ಮುಂದೆ ಮಹಾಸೌಧವನ್ನು ಕಟ್ಟಿದಾಗ ಈ ಬಳ್ಳಾರಿಯ ತಳಹದಿಯು ಅವರಿಗೆ ಉಪಯೋಗಕ್ಕೆ ಬಂದಿತು.

ಫರ್ಡಿನಂಡ್ ಕಿಟ್ಟೆಲರು ಹುಟ್ಟಿದ್ದು 1832ರಲ್ಲಿ, ಉತ್ತರ ಜರ್ಮನಿಯ ಕಡಲಂಚಿನ ಪ್ರದೇಶದಲ್ಲಿ, ಪಾದ್ರಿಯೊಬ್ಬರ ಮಗನಾಗಿ. ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಶನ್ನನ್ನು ಸೇರಿ 1853ರಲ್ಲಿ, ಇಪ್ಪತ್ತೊಂದರ ಪ್ರಾಯದಲ್ಲಿ, ಕನ್ನಡ ನಾಡಿಗೆ ಬಂದರು. ಅವರು ಬಂದದ್ದು ನಿಘಂಟನ್ನು ಬರೆಯುವುದಕ್ಕಲ್ಲ, ಮತಪ್ರಚಾರಕ್ಕೆ. ಇದನ್ನು ಮುಚ್ಚಿಡುವ ಕಾರಣವಿಲ್ಲ. ಆದರೆ ಕನ್ನಡವನ್ನು ಕಲಿಯುತ್ತ ಕಲಿಯುತ್ತ ಅವರ ಮನಸ್ಸು ಭಾಷೆಯಲ್ಲಿ ನೆಟ್ಟುಹೋಯಿತು. ಕೇಶಿರಾಜನ ಶಬ್ದಮಣಿದರ್ಪಣವನ್ನು 1872ರಲ್ಲಿ, ನಾಗವರ್ಮನ ಛಂದೋಂಬುಧಿಯನ್ನು 1875ರಲ್ಲಿ ಸಂಪಾದಿಸಿ ಅಚ್ಚು ಹಾಕಿಸಿದರು.

ಇನ್ನು ಸಂಸಾರದ ಮಾತು. ಬಾಸೆಲ್ ಮಿಶನ್ನಿನ ತರುಣರು ಅವಿವಾಹಿತರಾಗಿಯೇ ಹಡಗು ಹತ್ತಬೇಕಾಗಿತ್ತು. ಕೆಲವು ವರ್ಷ ಸೇವೆ ಮಾಡಿದ ಬಳಿಕ ಬಾಸೆಲಿನ ಸಮಿತಿಯ ಅಪ್ಪಣೆಯನ್ನು ಪಡೆದು ಮದುವೆ. ವಧುಗಳು ಸಮುದ್ರವನ್ನು ದಾಟಿ ಬರುತ್ತಿದ್ದರು. ಅವರಲ್ಲಿ ಎಷ್ಟೋ ಮಂದಿ ತಾವು ವರಿಸಬೇಕಾದ ಗಂಡನನ್ನು ಸರಿಯಾಗಿ ಕಂಡವರೇ ಅಲ್ಲ. ನಮ್ಮಲ್ಲಿ ಹೆಣ್ಣು ನೋಡುವ ಶಾಸ್ತ್ರವಾದರೂ ಇದೆ. ಅವರಿಗೆ ಅದೂ ಇರಲಿಲ್ಲ.

ಮಕ್ಕಳ ಪಾಡು ಇದಕ್ಕಿಂತ ಕಷ್ಟ. ಇಲ್ಲಿಯ ಬಿಸಿಲು, ಜ್ವರ, ತಮ್ಮ ರೀತಿಯ ಶಾಲೆಗಳ ಅಭಾವ ಇವುಗಳ ಕಾರಣದಿಂದ ಓದುವ ವಯಸ್ಸು ಬಂದೊಡನೆಯೇ ಮಕ್ಕಳನ್ನು ಯೂರೋಪಿಗೆ ಕಳುಹಿಸಿಬಿಡುವ ಪದ್ಧತಿಯಿತ್ತು. ಅಂಥ ಮಕ್ಕಳಿಗಾಗಿಯೇ 1853ರಲ್ಲಿ ಬಾಸೆಲಿನಲ್ಲಿ ಒಂದು ಬಾಲನಿವಾಸದ ವ್ಯವಸ್ಥೆಯಾಯಿತು. ಮಲೆಯಾಳ ನಿಘಂಟಿನ ಕರ್ತೃವಾದ ಗುಂಡರ್ಟರ ಮಗಳು ಮರಿಯೆಂಬವಳು 1842ರಲ್ಲಿ ತಲಚೇರಿಯಲ್ಲಿ ಹುಟ್ಟಿ, ಎಳೆತನದಲ್ಲಿಯೇ ಯೂರೋಪಿನಲ್ಲಿ ಬಿಡಲ್ಪಟ್ಟು, ಹದಿನೈದರ ಕನ್ಯೆಯಾಗಿ 1857ರಲ್ಲಿ ತಿರುಗಿ ತಂದೆತಾಯಿಗಳ ಬಳಿಗೆ ಬಂದಳು. ನೊಬೆಲ್ ಪಾರಿತೋಷಕವನ್ನು ಪಡೆದ ಹರ್ಮನ್ ಹೆಸ್ಸೆಯವರು ಈಕೆಯ ಮಗ. ಕಾಗದವೊಂದು ಹೋಗಿ ಉತ್ತರ ಬರುವುದಕ್ಕೆ ತಿಂಗಳುಗಳು ಹಿಡಿಯುತ್ತಿದ್ದ ಕಾಲದಲ್ಲಿ, ಮಗುವಿನ ಜ್ವರದ ಸುದ್ದಿಯು ತಾಯಿಗೆ ಮುಟ್ಟುವ ಹೊತ್ತಿಗೆ ಜ್ವರವು ಬಿಟ್ಟಿರಬೇಕು, ಅಥವಾ ಮಗುವೇ ಇಲ್ಲವಾಗಿರಬೇಕು.

ಕಿಟ್ಟೆಲರು 1860ರಲ್ಲಿ ಪೌಲೀನೆ ಐತ್ ಎಂಬಾಕೆಯನ್ನು ವಿವಾಹವಾದರು. ನಾಲ್ಕೇ ವರ್ಷಗಳಲ್ಲಿ, 1864ರಲ್ಲಿ, ಆಕೆ ಚಿಕ್ಕ ಮಕ್ಕಳನ್ನು ಬಿಟ್ಟು ತೀರಿಕೊಂಡಳು. 1867ರಲ್ಲಿ ಪೌಲೀನೆಯ ತಂಗಿ ಜೂಲಿಯು ಅಕ್ಕನ ಸ್ಥಾನಕ್ಕೆ ಬಂದಳು. ತಾಯಿಯನ್ನು ಕಳೆದುಕೊಂಡ ಮಕ್ಕಳಿಗೆ ಚಿಕ್ಕಮ್ಮನೇ ತಾಯಾಗುವುದು ನಮ್ಮ ಮನೆಗಳಲ್ಲಿಯೂ ಅಪರಿಚಿತವಲ್ಲ. 1877ರಲ್ಲಿ ಕುಟುಂಬವು ಜರ್ಮನಿಗೆ ಮರಳಿತು. ಅಲ್ಲಿಗೆ ಎಲ್ಲವೂ ಮುಗಿಯಬಹುದಾಗಿತ್ತು. ಆದರೆ ಕೋಶದ ಕೆಲಸವು ಅಪೂರ್ಣವಾಗಿತ್ತು. ಪಂಡಿತರೊಡನೆ ಕುಳಿತು, ಕೇಳಿ, ನಿಶ್ಚಯಿಸಬೇಕಾದ ಶಬ್ದಗಳು ಬಹಳ ಉಳಿದಿದ್ದವು. 1883ರಲ್ಲಿ, ಐವತ್ತು ದಾಟಿದ ಮೇಲೆ, ಕಿಟ್ಟೆಲರು ಹೆಂಡತಿ ಮಕ್ಕಳನ್ನು ಅಲ್ಲಿಯೇ ಬಿಟ್ಟು ಒಬ್ಬರೇ ಇಲ್ಲಿಗೆ ಬಂದರು. ಹೋದದ್ದು 1892ರಲ್ಲಿ. ಒಂಬತ್ತು ವರ್ಷ ಮನೆ ಅಲ್ಲಿ, ಯಜಮಾನ ಇಲ್ಲಿ.

ಆ ವರ್ಷಗಳ ಫಲವು ಮಂಗಳೂರಿನ ಬಾಸೆಲ್ ಮಿಶನ್ ಮುದ್ರಣಾಲಯದಿಂದ 1894ರಲ್ಲಿ ಹೊರಬಂದಿತು: ಸಾವಿರದ ಏಳುನೂರಕ್ಕೆ ಮಿಕ್ಕಿದ ಪುಟಗಳು, ಸುಮಾರು 70,000 ಶಬ್ದಗಳು. ಪ್ರಾಚೀನ ಕಾವ್ಯಗಳ ಪ್ರಯೋಗ, ತತ್ಸಮ ತದ್ಭವಗಳ ವಿವೇಚನೆ, ತಮಿಳು ತೆಲುಗು ತುಳು ಭಾಷೆಗಳ ಸಹೋದರ ಶಬ್ದಗಳು, ಅಡಿಗೆಮನೆಯಲ್ಲಿಯೂ ಹೊಲದಲ್ಲಿಯೂ ಕೇಳಿಬರುವ ಗಾದೆಗಳು, ಎಲ್ಲವೂ ಅದರಲ್ಲಿವೆ. ಸಂಸ್ಕೃತವೇ ದ್ರಾವಿಡ ಭಾಷೆಗಳಿಂದ ಸಾಲ ಪಡೆದಿರಬಹುದಾದ ಶಬ್ದಗಳ ಪಟ್ಟಿಯೊಂದನ್ನು ಪೀಠಿಕೆಯಲ್ಲಿ ಕೊಟ್ಟಿದ್ದಾರೆ. ಎಲ್ಲ ಶಬ್ದಗಳೂ ಸಂಸ್ಕೃತದಿಂದಲೇ ಇಳಿದುಬಂದವೆಂದು ನಂಬಿ ಬೆಳೆದ ನನ್ನಂಥವರಿಗೆ ಅದು ತಡೆದು ಓದಬೇಕಾದ ಭಾಗ. ಟ್ಯೂಬಿಂಗೆನ್ ವಿಶ್ವವಿದ್ಯಾಲಯವು 1896ರಲ್ಲಿ ಅವರಿಗೆ ಡಾಕ್ಟರ್ ಪದವಿಯನ್ನಿತ್ತಿತು. ಕನ್ನಡ ವ್ಯಾಕರಣವೊಂದನ್ನು ಮುಗಿಸಿ, 1903ರ ಡಿಸೆಂಬರಿನಲ್ಲಿ ಅದೇ ಊರಿನಲ್ಲಿ ಅವರು ದೇಹವನ್ನು ಬಿಟ್ಟರು.

ಇದನ್ನು ಹೇಗೆ ತೂಗಬೇಕು? ಮನುಷ್ಯನು ಹುಟ್ಟುವಾಗಲೇ ಋಣಗಳನ್ನು ಹೊತ್ತು ಹುಟ್ಟುತ್ತಾನೆಂದೂ, ಅವುಗಳಲ್ಲಿ ಋಷಿಋಣವನ್ನು ಅಧ್ಯಯನದಿಂದ ತೀರಿಸಬೇಕೆಂದೂ ನಮ್ಮ ಶಾಸ್ತ್ರಗಳು ಹೇಳುತ್ತವೆ. ತನ್ನದಲ್ಲದ ನಾಡಿನ ಋಷಿಋಣವನ್ನು ಕಿಟ್ಟೆಲರಷ್ಟು ತೀರಿಸಿದವರು ವಿರಳ. ಆದರೆ ಒಂದು ಋಣ ತೀರುವಾಗ ಇನ್ನೊಂದು ಬೆಳೆಯುತ್ತಿತ್ತು. ಒಂಬತ್ತು ವರ್ಷ ಮನೆಯ ಭಾರವನ್ನು ಜೂಲಿಯು ಹೊತ್ತದ್ದರಿಂದ ಇಲ್ಲಿ ಶಬ್ದಗಳ ರಾಶಿ ಬೆಳೆಯಿತು. ಆಕೆಗೆ ಕನ್ನಡವು ಏನೂ ಕೊಡಬೇಕಾಗಿರಲಿಲ್ಲ; ಆಕೆಯಿಂದ ಕನ್ನಡವು ಪಡೆದುಕೊಂಡಿತು. ಗ್ರಂಥದ ಮುಖಪತ್ರದಲ್ಲಿ ಒಂದೇ ಹೆಸರಿದೆ.

ಇದು ದೂರದ ಜರ್ಮನಿಯ ವಿಚಾರವೆಂದು ಭಾವಿಸಬಾರದು. ಮಳೆ ಕೈಕೊಟ್ಟ ವರ್ಷ ಕೂಡ್ಲಿಗಿ, ಹರಪನಹಳ್ಳಿಗಳ ಕಡೆಯಿಂದ ಎಷ್ಟು ಕುಟುಂಬಗಳು ಗುಳೆ ಹೋಗುತ್ತವೆ, ಎಷ್ಟು ಮಕ್ಕಳು ಅಜ್ಜಿಯ ಆಸರೆಯಲ್ಲಿ ಉಳಿಯುತ್ತವೆ ಎಂಬುದು ನಿಮಗೆ ವಿದಿತವೇ ಇದೆ. ಓದಿದ ಮಕ್ಕಳು ಸಮುದ್ರವನ್ನು ದಾಟಿ ಹೋಗಿರುವ ಮನೆಗಳೂ ನಮ್ಮ ಬೀದಿಗಳಲ್ಲಿವೆ. ಹೋದವರು ಕಳುಹಿಸಿದ ಹಣವನ್ನು ಎಣಿಸುತ್ತೇವೆ, ತಂದ ಕೀರ್ತಿಯನ್ನು ಕೊಂಡಾಡುತ್ತೇವೆ. ಉಳಿದವರು ದೀಪ ಹಚ್ಚಿಕೊಂಡು ಕಾದ ಸಂಜೆಗಳನ್ನು ಎಣಿಸುವವರಿಲ್ಲ. ಕಿಟ್ಟೆಲರಿಗೆ ಬಂದ ಪದವಿಯನ್ನು ಹೇಳುವ ಉಪಾಧ್ಯಾಯರು ಪೌಲೀನೆ, ಜೂಲಿಯರ ಹೆಸರನ್ನೂ ಹೇಳಲಿ. ಮನೆಯಲ್ಲಿ ಉಳಿದಿರುವವರನ್ನು, ಹಣ ಬಂತೇ ಎಂದು ಕೇಳುವ ಮೊದಲು, ನೀವು ಹೇಗಿದ್ದೀರಿ ಎಂದು ನೆರೆಹೊರೆಯವರು ಕೇಳಲಿ. ಇದಕ್ಕೆ ಖರ್ಚೇನೂ ಇಲ್ಲ.